ನಂಜುಂಡಯ್ಯನವರು ಬಿಟ್ಟ ಬಸ್ಸುಗಳು

ಸರಸ್ವತಿಪುರಂನ ನಂಜುಂಡಯ್ಯನವರಿಗೆ ಕೋಟೆ ಕೊತ್ತಲವೆಂದರೆ ಪ್ರಾಣ, ನೀರೆಂದರೆ ಪ್ರಾಣಭಯ. ಶ್ರೀರಂಗಪಟ್ಟಣದ ಸಂಗಮಕ್ಕೆ ಹೋದರೂ ಮೇಲಿನ ಮೆಟ್ಟಿಲಲ್ಲೇ ಕೂತು ಚೊಂಬಿನಲ್ಲಿ ಪುಣ್ಯಸ್ನಾನ ಮುಗಿಸುವ ಪೈಕಿ. "ನನ್ನದು ಶೀತದ ಮೈ ಕಣೇ" ಎಂದೇ ಬ್ಯಾಂಕಿನಿಂದ ನಿವೃತ್ತರಾಗುವವರೆಗೂ ಹೆಂಡತಿ ಕಮಲಮ್ಮನ ಮುಂದೆ ಮಾನ ಕಾಪಾಡಿಕೊಂಡು ಬಂದಿದ್ದರು.

ಗ್ರೀಸಿನ ರೋಡ್ಸ್ ದ್ವೀಪಕ್ಕೆ ಹೋಗೋಣ ಎಂದದ್ದು ಕಮಲಮ್ಮ.

"ರೋಡ್ಸ್ ನೋಡೋಕೆ ಅಷ್ಟು ದೂರ ಯಾಕೆ? ನಮ್ಮ ಬೀದೀಲೇ ಅಗೆದು ಹಾಕಿದಾರಲ್ಲ."

ಅಲ್ಲೊಂದು ಹಳೇ ಕೋಟೆಯಿದೆ ಎಂದು ತಿಳಿದ ಮೇಲೆ ಮಾತ್ರ ಪಾಸ್‌ಪೋರ್ಟ್ ಹುಡುಕತೊಡಗಿದರು. ಕೋಟೆ ಇವರಿಗೆ, ಸಮುದ್ರ ಅವರಿಗೆ ಎಂದು ಒಪ್ಪಂದವಾಯಿತು. ಸಮುದ್ರಕ್ಕಿಳಿದು ಒಮ್ಮೆಯಾದರೂ ಮನಸಾರೆ ಮುಳುಗೇಳಬೇಕೆಂಬುದು ಕಮಲಮ್ಮನ ಬಹುಕಾಲದ ಆಸೆ.

ನಂಜುಂಡಯ್ಯನವರು ಒಂದೊಂದು ಕಲ್ಲನ್ನೂ ಮಾತಾಡಿಸುತ್ತಾ ಕೋಟೆಯನ್ನು ಎಳೆದೆಳೆದು ನೋಡಿದರು. ಕೊನೆಗೆ ಉಳಿದದ್ದು ಒಂದೇ ದಿನ. ಕಮಲಮ್ಮ ಹೆಗಲಿಗೆ ಟವೆಲು ಹಾಕಿ ಬಸ್‌ಸ್ಟಾಪಿನಲ್ಲಿ ನಿಂತರು. ಬಸ್ಸು ಬಂತು.

"ಬೀಚ್?"

"ನೇ" ಎಂದ ಡ್ರೈವರು.

ಮಂಡಿ ಮೊಹಲ್ಲಾದಲ್ಲಿ ಉರ್ದುವಿನಲ್ಲೇ ಚೌಕಾಸಿ ಮಾಡುವ ಕಮಲಮ್ಮನವರಿಗೆ ಅದು 'ನೈ' ಎಂದೇ ಕೇಳಿಸಿತು. "ಹೋಗಲ್ವಂತೆ ಕಣ್ರೀ" ಎಂದು ಹಿಂದೆ ಸರಿದರು.

ಗ್ರೀಕಿನಲ್ಲಿ 'ನೇ' ಎಂದರೆ 'ಹೌದು' ಎಂಬುದನ್ನು ನಂಜುಂಡಯ್ಯನವರು ವಿಮಾನದಲ್ಲೇ ಓದಿಕೊಂಡಿದ್ದರು. ಹೇಳಲೆಂದು ಬಾಯಿ ತೆರೆದರು. ಹಾಗೇ ಆಕಳಿಸಿ ಮುಚ್ಚಿಕೊಂಡರು.

ಎರಡನೇ ಬಸ್ಸೂ ಹೀಗೇ ಹೋಯಿತು.

"ಪಾಪ, ನಿನ್ನ ಅದೃಷ್ಟ ನೋಡು. ನಡಿ, ಮ್ಯೂಸಿಯಮ್ಮಿಗಾದ್ರೂ ಹೋಗೋಣ."

ಕಮಲಮ್ಮ ಕದಲಲಿಲ್ಲ. "ರೀ, ಆ ಹ್ಯಾಟಿನ ಹೆಂಗಸೂ ಬೀಚ್ ಅಂತ್ಲೇ ಕೇಳಿದ್ಳು. ಅವಳಿಗೂ ನೈ ಅಂದ. ಆದ್ರೂ ಹತ್ತಿ ಕೂತ್ಳಲ್ಲ?"

"ಅವಳಿಗೆ ಭಾಷೆ ಬರಲ್ಲ ಅನ್ಸುತ್ತೆ."

"ಹಿಂದಿದ್ದ ನಾಲ್ಕು ಜನಕ್ಕೂ?"

"ಫಾರಿನ್ನಿನೋರು ಕಣೇ. ಎಲ್ಲಿಗೆ ಹೋದ್ರೂ ನಡೆಯುತ್ತೆ ಅವರಿಗೆ."

ಕಮಲಮ್ಮ ಗಂಡನ ಮುಖವನ್ನು ಒಮ್ಮೆ ನೋಡಿದರು. ಮುಂದಿನ ಬಸ್ಸು ನಿಂತಾಗ ಕೆಳಗೆ ನೆಲ ತೋರಿಸಿ, "ದಿಸ್ ಗ್ರೀಸ್?" ಎಂದು ಕೇಳಿದರು.

ಡ್ರೈವರು ನಕ್ಕ. "ನೇ, ನೇ."

"ಇದು ಗ್ರೀಸೇ ಅಲ್ವಂತೆ. ಹಾಗಾದ್ರೆ ಇಷ್ಟು ದಿನ ನಾವು ಯಾವ ಊರಲ್ಲಿದ್ವಿ?"

ನಂಜುಂಡಯ್ಯನವರು ಕನ್ನಡಕ ಒರೆಸುವುದರಲ್ಲಿ ಮಗ್ನರಾದರು. ಕಮಲಮ್ಮ ಆಗಲೇ ಹತ್ತಿ ಕೂತಿದ್ದರು. ಇವರೂ ಹಿಂದೆಯೇ ಓಡಿ ಹತ್ತಬೇಕಾಯಿತು.

"ನೀರು ಕಂಡ್ರೆ ಭಯ ಅಂತ ಬಾಯಿಬಿಟ್ಟು ಹೇಳಿದ್ರೆ ನಿಮ್ಮನ್ನ ಕೋಟೇಲೇ ಬಿಟ್ಟು ಬರ್ತಿದ್ದೆ" ಎಂದರು ಕಮಲಮ್ಮ, ಕಿಟಕಿಯ ಕಡೆ ನೋಡುತ್ತಾ. "ಮದುವೆಯಾದ ವರ್ಷವೇ ಗೊತ್ತಾಗಿತ್ತು ನಂಗೆ."

ಸಮುದ್ರಕ್ಕಿಳಿದ ಕಮಲಮ್ಮ ಮತ್ತೆ ದಡದ ಕಡೆ ತಿರುಗಲೇ ಇಲ್ಲ. ಸಂಜೆಯಾಯಿತು. ಮರಳಿನ ಮೇಲೆ ಕೂತಿದ್ದ ನಂಜುಂಡಯ್ಯನವರು ಎದ್ದು ಕೂಗಿದರು: "ಕೊನೇ ಬಸ್ಸು ಹೊರಟ್ಹೋಗುತ್ತೆ, ಬಾರೇ."

"ಕೇಳಿಸ್ತಿಲ್ಲ. ಹತ್ತಿರ ಬಂದು ಹೇಳಿ."

ನಂಜುಂಡಯ್ಯನವರು ಪ್ಯಾಂಟು ಮಡಿಸಿ ಮೊಣಕಾಲವರೆಗೆ ಇಳಿದು ಮತ್ತೆ ಕೂಗಿದರು.

"ಅಲೆ ಸದ್ದು ಕಣ್ರೀ. ಇನ್ನೂ ಸ್ವಲ್ಪ ಬನ್ನಿ" ಎಂದು ಕಮಲಮ್ಮ ಒಂದು ಹೆಜ್ಜೆ ಹಿಂದಕ್ಕೆ ಸರಿದರು. ನೀರು ಆಗಲೇ ನಂಜುಂಡಯ್ಯನವರ ಸೊಂಟಕ್ಕೆ ಬಂದಿತ್ತು.