ತಂಗಿಯ ಕೊನೆಯ ಪಂದ್ಯ

ನನ್ನ ತಂಗಿ ಹಾಲೆಂಡ್ ದೇಶದ ಪರವಾಗಿ ಬೀಚ್ ವಾಲಿಬಾಲ್ ಆಡುತ್ತಿದ್ದಳು. ಅವಳ ಒಂದು ಪಂದ್ಯವನ್ನೂ ನಾನು ಹೋಗಿ ನೋಡಲಿಲ್ಲ. ಕೊನೆಯದು ಇಲ್ಲೇ, ಸಿಯಾಟಲ್‌ನ ಕಡಲ ದಂಡೆಯಲ್ಲಿ ನಡೆಯಿತು. ಅದಕ್ಕೂ ಹೋಗಲಿಲ್ಲ.

ಅಪ್ಪ ಹಾಲೆಂಡಿನ ಹೋಟೆಲೊಂದಕ್ಕೆ ಅಡುಗೆ ಕೆಲಸಕ್ಕೆಂದು ಹೋದಾಗ ಅಮ್ಮನೂ ಜೊತೆಗೆ ಹೋದಳು. ನಾನು ಮಂಡ್ಯದಲ್ಲಿ ಅಜ್ಜಿಯ ಹತ್ತಿರ ಉಳಿದೆ. ಹತ್ತನೇ ತರಗತಿ ದಾಟಲಿಲ್ಲ. ಮದುವೆಯಾಗಿ ಇಲ್ಲಿಗೆ, ಅಮೆರಿಕದ ಸಿಯಾಟಲ್ ಹತ್ತಿರದ ನಾರ್ತ್ ಕ್ರೀಕ್‌ಗೆ ಬಂದೆ. ತಂಗಿ ಹುಟ್ಟಿದ್ದೇ ಹಾಲೆಂಡಿನಲ್ಲಿ, ಕಡಲ ಪಕ್ಕದ ಊರಿನಲ್ಲಿ. ಡಚ್ ಶಾಲೆಯಲ್ಲಿ ಓದಿದರೂ ಅವಳ ಬಾಯಲ್ಲಿ ಅಮ್ಮನ ಮಂಡ್ಯದ ಮಾತೇ. ಎಲ್ಲಿ ಗೆದ್ದರೂ ಮೊದಲು ನನಗೆ ಫೋನ್ ಮಾಡುತ್ತಿದ್ದಳು. ಅಪ್ಪ ಅಮ್ಮ ತೀರಿಹೋದ ಮೇಲೆ ಅವಳಿಗೆ ಫೋನ್ ಮಾಡಲು ಬೇರೆ ಯಾರೂ ಇರಲಿಲ್ಲ. ನಾನು "ಊಟ ಆಯ್ತಾ?" ಎನ್ನುತ್ತಿದ್ದೆ. ಆಟದ ಮಾತು ಎತ್ತುತ್ತಿರಲಿಲ್ಲ. ಎತ್ತಿದರೆ ಫೋಟೊ ಕಳಿಸುತ್ತಾಳೆ, ಆಡುವಾಗ ತೊಡುವ ಆ ತುಂಡು ಬಟ್ಟೆಯ ಫೋಟೊ ಯಾರದಾದರೂ ಕಣ್ಣಿಗೆ ಬೀಳುತ್ತದೆ ಎಂಬ ಭಯ.

ಮೊಣಕಾಲು ಸವೆದು, ಈ ಬೇಸಿಗೆಗೆ ಆಟ ಬಿಡುವುದೆಂದು ತೀರ್ಮಾನಿಸಿ ನಮ್ಮ ಮನೆಗೆ ಬಂದಿಳಿದಳು. ಅವಳ ಹಾಸಿಗೆಯ ಮೇಲೆ ನಾನು ಹೊಸ ಲೆಗಿಂಗ್ಸ್ ಇಟ್ಟಿದ್ದೆ.

"ಇದ್ಯಾರಿಗಕ್ಕ?"

"ನಿಂಗೇ, ಆಡುವಾಗ ಹಾಕ್ಕೋ. ಇಲ್ಲಿ ನಮ್ಮ ಜನ ಜಾಸ್ತಿ ಕಣೆ."

"ಇದ್ರೊಳಕ್ಕೆ ಮರಳು ಹೋದ್ರೆ ನಾನು ಕಪ್ಪೆ ತರ ಕುಣೀಬೇಕು!" ಎಂದು ನಕ್ಕಳು. ಆಮೇಲೆ ಮೆಲ್ಲಗೆ ಕೇಳಿದಳು: "ಶನಿವಾರ ಬತ್ತೀಯ ತಾನೆ? ಇದೇ ಕೊನೇದು."

ಶನಿವಾರ ಹತ್ತಿರದ ಸ್ನೊಕ್ವಾಲ್ಮಿ ಊರಿನಲ್ಲಿ ಪರಿಚಯದವರ ಮನೆಯಲ್ಲಿ ಸತ್ಯನಾರಾಯಣ ಪೂಜೆ ಇತ್ತು. "ಕರೆದಿದಾರೆ, ಪ್ರಸಾದ ತಪ್ಪಿಸಬಾರ್ದು" ಎಂದೆ. ಅವಳು ತಲೆಯಾಡಿಸಿದಳು. ಶನಿವಾರ ಬೆಳಿಗ್ಗೆ ಚೀಲ ಹೆಗಲಿಗೇರಿಸಿಕೊಂಡು ಒಬ್ಬಳೇ ಹೋದಳು.

ಪೂಜೆಯ ಮನೆಯಲ್ಲಿ ತಂಗಿಯನ್ನು ಯಾಕೆ ಕರೆತರಲಿಲ್ಲವೆಂದು ಕೇಳಿದವರಿಗೆಲ್ಲ, "ಆಫೀಸ್ ಮೀಟಿಂಗ್ ಇದೆ" ಎಂದೆ. ಸತ್ಯನಾರಾಯಣನ ಎದುರೇ ಕೂತು ಹೇಳಿದ ಸುಳ್ಳು. ಮಂಗಳಾರತಿ ಮುಗಿದ ಮೇಲೆ ಆ ಮನೆಯ ಮಗಳು ಪಂದ್ಯದ ನೇರಪ್ರಸಾರ ಬರುತ್ತಿದ್ದ ಫೋನ್ ಹಿಡಿದು ಓಡಿಬಂದಳು. ಹಿಂದಿನ ದಿನ ನಮ್ಮ ಮನೆಗೆ ಬಂದಿದ್ದಾಗ ತಂಗಿಯನ್ನು ಕಂಡಿದ್ದಳು.

"ಆಂಟಿ, ಈಸ್ ದಿಸ್ ಯುವರ್ ಸಿಸ್ಟರ್? ಶಿ ಈಸ್ ಅಮೇಜಿಂಗ್!"

ನಾನು ಹೆದರಿದಂತೆ ಯಾರೂ ಮುಖ ತಿರುಗಿಸಲಿಲ್ಲ. "ಏನ್ರೀ, ಮೀಟಿಂಗ್ ಮರಳಲ್ಲಿ ನಡೀತಿದ್ಯಾ?" ಎಂದು ಮನೆಯೊಡತಿ ಚುಡಾಯಿಸಿ ಪಂದ್ಯವನ್ನು ಟೀವಿಗೆ ಹಾಕಿಸಿದರು. ಸಜ್ಜಿಗೆಯ ಬಟ್ಟಲು ಹಿಡಿದುಕೊಂಡೇ ಎಲ್ಲರೂ ತಂಗಿಗಾಗಿ ಕೂಗಿದರು. ಬಿದ್ದು ಎದ್ದು ಚೆಂಡು ಎತ್ತುತ್ತಿದ್ದಳು. ಆದರೂ ಸೋತಳು. ಅವಳ ಜೊತೆ ಆಡಿದವಳ ಅಪ್ಪ ಅಮ್ಮ ಓಡಿಬಂದು ಮಗಳನ್ನು ಅಪ್ಪಿಕೊಂಡರು. ನನ್ನ ತಂಗಿ ಬಲೆಯ ಕಂಬದ ಹತ್ತಿರ ನಿಂತು ಟವೆಲ್ಲಿನಿಂದ ಕೈ ಒರೆಸಿಕೊಂಡಳು. ಮರಳೆಲ್ಲ ಹೋದ ಮೇಲೂ ಒರೆಸಿಕೊಳ್ಳುತ್ತಲೇ ಇದ್ದಳು. ಪಕ್ಕದವರು ನನಗೇನೋ ಹೇಳಿದರು. ಕೇಳಿಸಲಿಲ್ಲ.

ಸಂಜೆ ಮನೆಗೆ ಬಂದವಳು, "ಪೂಜೆ ಹೆಂಗಾಯ್ತಕ್ಕ?" ಎಂದಳು. ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

"ನಿಂಗೊಂದು ಸೀಟು ಇಟ್ಟಿದ್ದೆ. ಕೊನೇ ಗಳಿಗೇಲಾದ್ರೂ ಬತ್ತೀಯೇನೋ ಅಂತ" ಎಂದು ಒಳಗೆ ಹೊರಟಳು. ನಾನು ಅವಳ ತೋಳು ಹಿಡಿದುಕೊಂಡೆ.

"ಪೂಜೆ ಬರೀ ನೆಪ ಕಣೆ. ನಿನ್ನ ಬಟ್ಟೆಗೆ ನಾಚ್ಕೊಂಡೆ, ಜನಕ್ಕೆ ಹೆದರ್ಕೊಂಡೆ. ನಿಂಗೆ ಅಂತ ಇದ್ದೋಳು ನಾನೊಬ್ಳೇ, ನಾನೇ ಬರ್ಲಿಲ್ಲ. ತಪ್ಪಾಯ್ತು ಕಣೆ, ನನ್ನ ಕ್ಷಮಿಸ್ಬಿಡು."