ಅತ್ತೆಯವರ ಪಥ್ಯ

ನಮ್ಮ ಅತ್ತೆಯವರು ದಪ್ಪಗಿದ್ದರು. ಇದನ್ನು ಸುತ್ತಿ ಬಳಸಿ ಹೇಳುವುದರಲ್ಲಿ ಅರ್ಥವಿಲ್ಲ. ಚನ್ನರಾಯಪಟ್ಟಣದ ನಮ್ಮ ಮನೆಯಲ್ಲಿ ಬಚ್ಚಲಿನ ಬಾಗಿಲು ಕಿರಿದು. ಅವರು ಅಡ್ಡ ತಿರುಗಿ ಒಳಗೆ ಹೋಗುತ್ತಿದ್ದರು. ಅದರ ಬಗ್ಗೆ ಅವರಿಗೆ ನಾಚಿಕೆಯೇನೂ ಇರಲಿಲ್ಲ. ವಯಸ್ಸಾದ ಹೆಂಗಸು ಮೈಕೈ ತುಂಬಿಕೊಂಡಿದ್ದರೆ ಮಗ ಚೆನ್ನಾಗಿ ನೋಡಿಕೊಂಡಿದ್ದಾನೆ, ಸೊಸೆ ಬಡಿಸುವಾಗ ಕೈ ಬಿಗಿ ಹಿಡಿಯುವುದಿಲ್ಲ ಎಂದು ಅರ್ಥ. ಆ ಕಾಲದಲ್ಲಿ ಸೊಸೆಯ ಯೋಗ್ಯತೆಯನ್ನು ಅತ್ತೆಯ ತೋಳು ನೋಡಿ ಅಳೆಯುತ್ತಿದ್ದರು. ನನಗೆ ಒಳ್ಳೆಯ ಹೆಸರಿತ್ತು.

ಕಷ್ಟ ಶುರುವಾದದ್ದು ಉಸಿರಿನಿಂದ. ಅಂಗಡಿಗಳಲ್ಲಿ ಗಜ ಹೋಗಿ ಮೀಟರು ಬಂದ ಹೊಸತು. ನಮ್ಮ ಯಜಮಾನರು ತಮ್ಮ ಬಟ್ಟೆ ಅಂಗಡಿಯಲ್ಲಿ ಗಿರಾಕಿಗಳಿಗೆ ಅದನ್ನು ತಿಳಿಹೇಳಿ ತಿಳಿಹೇಳಿ ಸುಸ್ತಾಗಿ ಬರುತ್ತಿದ್ದರು. ಅತ್ತೆ ಅಡುಗೆಮನೆಯಿಂದ ಪಡಸಾಲೆಗೆ ಬರುವಷ್ಟರಲ್ಲಿ ಕಂಬ ಹಿಡಿದು ನಿಲ್ಲತೊಡಗಿದರು. ಬಸ್ಸಿನಲ್ಲಿ ಹಾಸನಕ್ಕೆ ಕರೆದುಕೊಂಡು ಹೋದೆವು. ಡಾಕ್ಟರು ಎದೆ ಬೆನ್ನು ನೋಡಿ, ತೂಕದ ಯಂತ್ರದ ಮೇಲೆ ನಿಲ್ಲಿಸಿ, ಹೃದಯಕ್ಕೆ ಭಾರವಾಗುತ್ತಿದೆ, ಐವತ್ತು ಪೌಂಡು ಇಳಿಯದಿದ್ದರೆ ವರ್ಷ ಕಳೆಯುವುದು ಕಷ್ಟ ಎಂದರು. ಔಷಧಿಗಿಂತ ಪಥ್ಯವೇ ಮುಖ್ಯವೆಂದು ಇಂಗ್ಲಿಷಿನಲ್ಲಿ ಒಂದು ಚೀಟಿ ಬರೆದರು. ನಮ್ಮ ಯಜಮಾನರಿಗೆ ಇಂಗ್ಲಿಷು ಅಷ್ಟಕ್ಕಷ್ಟೆ. ನಾನು ತವರು ಹೊಳೆನರಸೀಪುರದಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿದವಳು. ಚೀಟಿ ನನ್ನ ಕೈಗೆ ಬಂತು. ಇನ್ನು ಜವಾಬ್ದಾರಿ ನಿನ್ನದು ಎಂದು ಡಾಕ್ಟರು ಹೇಳಿದಾಗ ಇಪ್ಪತ್ತೈದರ ನನಗೆ ಹೆಮ್ಮೆಯೇ ಆಯಿತು.

ಎಲ್ಲವನ್ನೂ ಒಟ್ಟಿಗೆ ಬಿಡಿಸಬೇಡ, ಹಂತ ಹಂತವಾಗಿ ಇಳಿಸು ಎಂದಿತ್ತು ಚೀಟಿಯಲ್ಲಿ. ಮೊದಲ ತಿಂಗಳು ತುಪ್ಪ, ಬೆಲ್ಲ, ಕೊಬ್ಬರಿ ಬಂದ್. ಎರಡನೇ ತಿಂಗಳು ಅನ್ನ ಒಂದೇ ಹೊತ್ತು, ಅದೂ ಒಂದು ಹಿಡಿ. ಆಮೇಲೆ ಗಟ್ಟಿ ಮೊಸರು, ಹಾಲು. ಹಸಿವಾದರೆ ಮೂಲಂಗಿ, ಕ್ಯಾರೆಟ್ಟು ತಿನ್ನಲಿ ಎಂದಿದ್ದರು. ನಮ್ಮದು ಜೈನರ ಮನೆ, ನೆಲದೊಳಗೆ ಬೆಳೆಯುವ ಗೆಡ್ಡೆ ಗೆಣಸು ಒಳಗೆ ಬರುವುದಿಲ್ಲ. ಸೌತೆಕಾಯಿ, ಬೂದುಗುಂಬಳವೇ ಗತಿಯಾಯಿತು. ರಾಗಿಮುದ್ದೆ ಮಾಡಿಟ್ಟ ದಿನ ಅತ್ತೆ ತಟ್ಟೆಯನ್ನೇ ನೋಡುತ್ತ ಕೂತರು, ಆಮೇಲೆ ನುಂಗಿದರು. ಸಾಯಲು ಅವರಿಗೆ ಸ್ವಲ್ಪವೂ ಇಷ್ಟವಿರಲಿಲ್ಲ. ಮೊಮ್ಮಗನನ್ನು ಎತ್ತಿಕೊಳ್ಳಬೇಕೆಂಬ ಆಸೆಯಿತ್ತು. ನನಗಿನ್ನೂ ಮಕ್ಕಳಾಗಿರಲಿಲ್ಲ.

ಬೆಳಿಗ್ಗೆ ಸಂಜೆ ಒಂದೊಂದು ಗಂಟೆ ನಡೆಯಬೇಕು, ದಿನಕ್ಕೆ ಇಪ್ಪತ್ತು ಸಲ ಬಗ್ಗಿ ಏಳಬೇಕು ಎಂದೂ ಇತ್ತು. ಅದು ದೊಡ್ಡ ತಲೆನೋವಾಯಿತು. ಬಿಳಿ ಸೀರೆಯುಟ್ಟ ವಿಧವೆ ಸುಮ್ಮಸುಮ್ಮನೆ ಬೀದಿಯಲ್ಲಿ ನಡೆಯುವುದುಂಟೇ? ಎಲ್ಲಿಗೆ, ಏಕೆ ಎಂದು ಹತ್ತು ಜನ ಕೇಳುತ್ತಾರೆ. ಅತ್ತೆಯೇ ದಾರಿ ಹುಡುಕಿದರು. ಬಸದಿಗೆ ಹೋಗಿ ಪ್ರದಕ್ಷಿಣೆ ಹಾಕುತ್ತೇನೆ, ಬಗ್ಗಿ ಏಳುವುದೇನಿದ್ದರೂ ದೇವರ ಮುಂದೆ ಎಂದರು. ಒಳ್ಳೆಯದೇ ಆಯಿತೆಂದುಕೊಂಡೆ. ಬಿಸಿಲು ಏರುವವರೆಗೂ ಸುತ್ತಿ, ಇಪ್ಪತ್ತು ನಮಸ್ಕಾರ ಹಾಕಿ, ಬೆವರು ಒರೆಸಿಕೊಂಡು ಮನೆಗೆ ಬರುತ್ತಿದ್ದರು.

ಮೂರು ತಿಂಗಳಲ್ಲಿ ಕುಪ್ಪಸದ ತೋಳು ಸಡಿಲವಾಯಿತು. ಕಂಬ ಹಿಡಿಯುವುದು ತಪ್ಪಿತು. ನನ್ನ ಹೆಸರೂ ಕೆಟ್ಟಿತು. ಹಾಲು ಹಾಕಲು ಬರುತ್ತಿದ್ದ ಗೌಡರ ಹೆಂಗಸು ಬಾಗಿಲಲ್ಲೇ ನಿಂತು ಕೇಳಿದಳು: "ಯಾಕವ್ವಾ, ನಿಮ್ಮತ್ತೆ ಅಂಗೆ ಇಳಿದೋಗವ್ರೆ? ಒಟ್ಟೆಗೆ ಇಕ್ಕಾಕಿಲ್ವಾ?" ಬೀದಿಯೆಲ್ಲ ಅದೇ ಮಾತು. ಯಜಮಾನರ ಅಕ್ಕ ಅರಕಲಗೂಡಿನಿಂದ ಬಂದವರು ತಾಯಿಯ ತೋಳು ಹಿಡಿದು ನೋಡಿ ನನ್ನ ಕಡೆ ತಿರುಗಿದರು. ಚೀಟಿ ತೋರಿಸಿದೆ. ಓದಿದ ಸೊಸೆ ತಂದರೆ ಹೀಗೇ, ಹೊಟ್ಟೆಗೆ ಹಾಕದೆ ಇರುವುದಕ್ಕೂ ಕಾಗದ ತೋರಿಸುತ್ತಾಳೆ ಎಂದು ಅಂದು ಹೋದರು. ಅತ್ತೆ ನನ್ನ ಪರವಾಗಿ ಒಂದು ಮಾತು ಆಡಿದ್ದರೆ ಸಾಕಿತ್ತು, ಆಡಲಿಲ್ಲ. ಮಗಳ ಮುಂದೆ ಅವರು ಯಾವಾಗಲೂ ಮೆತ್ತಗೆ. ನಾನು ಒಲೆ ಮುಂದೆ ಕೂತು ಮೂಗು ಕೆಂಪಾಗುವವರೆಗೂ ಅತ್ತುಬಿಟ್ಟೆ.

ಅದೇ ಸಮಯಕ್ಕೆ ಹಾಸನದಿಂದ ಮಾವನವರ ಕಡೆಯ ಹಿರಿಯರೊಬ್ಬರು ಬಂದರು. ಪಡಸಾಲೆಯಲ್ಲಿ ಕೂತು ಅತ್ತೆಯನ್ನು ನೋಡಿದವರೇ ದನಿ ತಗ್ಗಿಸಿದರು. ಏನೇನು ಬಿಟ್ಟಿದ್ದೀರಿ ತಾಯಿ ಎಂದು ಕೇಳಿದರು. ಅತ್ತೆ ಇದ್ದದ್ದನ್ನು ಇದ್ದ ಹಾಗೆ ಹೇಳಿದರು: ಮೊದಲು ತುಪ್ಪ, ಸಿಹಿ, ಆಮೇಲೆ ಅನ್ನ, ಈಗ ಹಾಲು ಮೊಸರು. ಬಸದಿಯಲ್ಲಿ ಪ್ರದಕ್ಷಿಣೆ ನಮಸ್ಕಾರ ದಿನಾ ಉಂಟು. ಆ ಹಿರಿಯರು ಎದ್ದು ನಿಂತು ಕೈಮುಗಿದರು.

ಅವರು ತಿಳಿದದ್ದೇನೆಂದು ನನಗೆ ಆ ಕ್ಷಣವೇ ಹೊಳೆಯಿತು. ಬದುಕು ಮುಗಿಯುತ್ತ ಬಂತೆಂದು ಕಂಡವರು ಗುರುಗಳ ಅಪ್ಪಣೆ ಪಡೆದು, ಆಹಾರವನ್ನು ಒಂದೊಂದಾಗಿ ಬಿಡುತ್ತ ಶಾಂತವಾಗಿ ದೇಹ ಬಿಡುವ ಸಲ್ಲೇಖನ ವ್ರತ ನಮ್ಮಲ್ಲಿದೆ. ಅದರಲ್ಲಿ ಬಿಡುವ ಕ್ರಮವೂ ಹೆಚ್ಚುಕಡಿಮೆ ಡಾಕ್ಟರ ಚೀಟಿಯ ಕ್ರಮದಂತೆಯೇ. ಬಾಯಿ ಬಿಟ್ಟು ಹೇಳಬೇಕಿತ್ತು, ಇದು ಕೊಬ್ಬು ಕರಗಿಸುವ ಪಥ್ಯ, ಮತ್ತೇನೂ ಅಲ್ಲ ಎಂದು. ನಾನು ಹೇಳಲಿಲ್ಲ. ಅವರು ಹೊರಡುವಾಗ ನನ್ನತ್ತ ನೋಡಿ, ಇಂಥವರ ಸೇವೆ ಮಾಡುವ ಭಾಗ್ಯ ಎಲ್ಲರಿಗೂ ಸಿಗುವುದಿಲ್ಲಮ್ಮ ಎಂದಿದ್ದರು. ಇಷ್ಟು ದಿನ ಬೈಸಿಕೊಂಡ ಕಿವಿಗೆ ಆ ಮಾತು ತಂಪಾಗಿತ್ತು.

ಹದಿನೈದು ದಿನದಲ್ಲಿ ಸುದ್ದಿ ಊರೂರು ಸುತ್ತಿತು. ಗೌಡರ ಹೆಂಗಸು ಹಾಲಿನ ಚೊಂಬು ಕೆಳಗಿಟ್ಟು ಅತ್ತೆಗೆ ಅಡ್ಡಬಿದ್ದಳು. ಅರಕಲಗೂಡಿನ ಅತ್ತಿಗೆ ತಪ್ಪಾಯಿತೆಂದು ಕಾಗದ ಬರೆದು, ಹಿಂದೆಯೇ ಸೇವೆಗೆಂದು ತಾವೂ ಬಂದು ಉಳಿದರು. ಹೊಳೆನರಸೀಪುರದಿಂದ, ಹಾಸನದಿಂದ ಬಸ್ಸಿಳಿದು ಬಂದವರು ಪಡಸಾಲೆಯಲ್ಲಿ ಚಾಪೆ ಹಾಸಿಕೊಂಡು ಸ್ತೋತ್ರ ಹೇಳುತ್ತಿದ್ದರು. ಯಾವತ್ತೂ ಯಾರೂ ಒಂದು ಮಾತು ಕೇಳದಿದ್ದ ಅತ್ತೆಯ ಬಾಯಿಂದ ಏನು ಬಂದರೂ ಈಗ ತಲೆಯಾಡಿಸುತ್ತಿದ್ದರು. ಅತ್ತೆಗೂ ಅದು ಹಿತವಾಗಿತ್ತು, ಸುಳ್ಳು ಏಕೆ ಹೇಳಲಿ? ಮುಖ ಅರಳಿತ್ತು.

ಬಸದಿಯ ಅರ್ಚಕರು ಮಾತ್ರ, ಗುರುಗಳನ್ನು ಕೇಳಿದ್ದೀರಾ ತಾಯಿ ಎಂದು ಕೇಳಿದರು. ಅತ್ತೆ ಇಲ್ಲವೆಂದರು. ಹಾಗಾದರೆ ಇದು ವ್ರತವಲ್ಲ, ನೆಮ್ಮದಿಯಾಗಿ ಊಟ ಮಾಡಿ ಎಂದು ಅವರು ಎಲ್ಲರಿಗೂ ಕೇಳುವಂತೆ ಹೇಳಿದರು. ಜನ ಕೇಳಿಸಿಕೊಂಡರು. ಮಾರನೆಯ ದಿನವೂ ಬಂದರು.

ಹಾಸನದ ಡಾಕ್ಟರಿಗೆ ಮತ್ತೆ ತೋರಿಸಿದೆವು. ಅವರು ತೂಕ ನೋಡಿ ನನ್ನ ಬೆನ್ನು ತಟ್ಟುವುದೊಂದು ಬಾಕಿ. ಗೆದ್ದಿರಿ, ಇನ್ನು ಇಳಿಯುವುದು ಬೇಡ, ಹೊತ್ತಿಗೆ ಸರಿಯಾಗಿ ಅನ್ನ ಸಾರು ಉಣ್ಣಲಿ ಎಂದರು. ಬಸ್ಸಿಳಿದು ಮೂವರೂ ಮನೆಗೆ ಬಂದೆವು. ಮನೆಯ ಜಗಲಿ ತುಂಬ ಚಪ್ಪಲಿಗಳಿದ್ದವು. ಆ ಜನರ ಎದುರು ತಟ್ಟೆ ಹಾಕಿಕೊಂಡು ಅನ್ನ ಕಲಸುವುದು ಹೇಗೆ? ಯಜಮಾನರು ತಾಯಿಯ ಮುಖ ನೋಡಿದರು, ತಾಯಿ ನನ್ನ ಮುಖ ನೋಡಿದರು. ಅಂಗಡಿ ಬಾಗಿಲು ತೆಗೆಯಬೇಕೆಂದು ಯಜಮಾನರು ಹೊರಟುಹೋದರು.

ಅಲ್ಲಿಂದ ಒಂದು ವಾರ ಅತ್ತೆ ನೀರು ಮಜ್ಜಿಗೆ, ಒಂದು ಹಿಡಿ ಅವಲಕ್ಕಿಯಲ್ಲೇ ಕಳೆದರು. ಒಂದು ಸಂಜೆ ಎಲ್ಲರೂ ಆರತಿಗೆಂದು ಬಸದಿಗೆ ಹೋಗಿದ್ದಾಗ, ದೀಪ ಹಚ್ಚುತ್ತಿದ್ದ ನನ್ನ ಹಿಂದೆ ಬಂದು ನಿಂತರು.

"ಹೊಟ್ಟೆ ಹಸೀತದೆ ಕಣಮ್ಮ."

"ಊಟ ಮಾಡಿ ಅತ್ತೆ, ಬಡಿಸ್ತೀನಿ. ನಾಳೆ ಎಲ್ಲರ ಎದುರಿಗೇ ಬಡಿಸ್ತೀನಿ."

"ಬೇಡ. ನಾಳೆ ನಾನು ಯಾರ ಮುಖ ನೋಡ್ಲಿ?"

ನಮ್ಮ ಜೈನರ ವ್ರತದಂತೆ ಅವರು ಹುಟ್ಟಿದಾಗಿನಿಂದ ಹೊತ್ತು ಮುಳುಗಿದ ಮೇಲೆ ಒಂದು ಅಗುಳು ಬಾಯಿಗೆ ಹಾಕಿದವರಲ್ಲ. ಜ್ವರ ಬಂದು ನಡುಗುವಾಗಲೂ ಗಂಜಿ ಮುಟ್ಟಿರಲಿಲ್ಲ. ಅಂಥವರನ್ನು ಉಗ್ರಾಣದಲ್ಲಿ ಅಕ್ಕಿ ಮೂಟೆಯ ಮೇಲೆ ಕೂರಿಸಿ, ಅನ್ನಕ್ಕೆ ತುಪ್ಪ ಹಾಕಿ ಕಲಸಿ ಕೈತುತ್ತು ಕೊಟ್ಟೆ. ಅಳುತ್ತಲೇ ತಿಂದರು. ಇಲ್ಲದ ವ್ರತವನ್ನು ಉಳಿಸಲು ಇದ್ದ ವ್ರತವನ್ನು ಮುರಿದೆವು. ಮರುದಿನವೂ ಅದೇ, ಅದರ ಮರುದಿನವೂ ಅದೇ. ಆರತಿಯ ಅರ್ಧ ಗಂಟೆ ನಮ್ಮದಾಯಿತು. ಹತ್ತು ದಿನದಲ್ಲಿ ಅವರ ಕೆನ್ನೆ ಸ್ವಲ್ಪ ತುಂಬಿತು. ಅನ್ನ ಬಿಟ್ಟರೂ ಮುಖದಲ್ಲಿ ಎಂಥ ತೇಜಸ್ಸು ಎಂದು ಅತ್ತಿಗೆ ಬಂದವರಿಗೆಲ್ಲ ತೋರಿಸುತ್ತಿದ್ದರು. ನನಗೆ ನಗು ಬರುತ್ತಿತ್ತು, ಎದ್ದು ಒಳಗೆ ಹೋಗುತ್ತಿದ್ದೆ. ಹೀಗೇ ಜನಕ್ಕೆ ಬೇಸರವಾಗಿ ಬರುವುದು ನಿಲ್ಲಲಿ, ಆಮೇಲೆ ಎಲ್ಲ ಸರಿಹೋಗುತ್ತದೆ ಎಂದು ನನ್ನ ಲೆಕ್ಕಾಚಾರ.

ಜನಕ್ಕೆ ಬೇಸರವಾಯಿತು ಕೂಡ. ದೀಪಾವಳಿ ಹತ್ತಿರವಿತ್ತು, ಎಲ್ಲರಿಗೂ ಅವರವರ ಕೆಲಸವಿತ್ತು. ಎರಡನೇ ಸಲ ಬಂದ ಅರಕಲಗೂಡಿನ ನೆಂಟರೊಬ್ಬರು ಚೀಲ ಜಗಲಿಯ ಮೇಲಿಟ್ಟು, ನೀರು ಕೊಡಲು ಹೋದ ನನ್ನನ್ನು ಕೇಳಿದರು:

"ಇನ್ನೂ ಇದಾರಾ?"

ಕೆಟ್ಟ ಮನುಷ್ಯರಲ್ಲ. ಬಸ್ಸಿನ ಧೂಳು ಒರೆಸಿಕೊಳ್ಳುತ್ತ, ಸಹಜವಾಗಿ ಕೇಳಿದರು. ಆದರೆ ಅತ್ತೆ ಬಾಗಿಲ ಪಕ್ಕದಲ್ಲೇ ಕೂತಿದ್ದರು. ಜನ ಏನನ್ನು ನೋಡಲು ಬರುತ್ತಿದ್ದಾರೆಂಬುದು ಅವರಿಗೆ ಆವತ್ತೇ ನಿಜವಾಗಿ ತಿಳಿದಿರಬೇಕು.

ಆ ಸಂಜೆ ಉಗ್ರಾಣಕ್ಕೆ ಬಂದರು, ಮೂಟೆಯ ಮೇಲೆ ಕೂತರು. ತುತ್ತು ಹತ್ತಿರ ಹಿಡಿದರೆ ಬಾಯಿ ತೆರೆಯಲಿಲ್ಲ.

"ದೀಪ ಹಚ್ಚಿದ ಮೇಲೆ ಉಣ್ಣಬಾರದು ಕಣಮ್ಮ. ಇಷ್ಟು ದಿನ ತಪ್ಪು ಮಾಡಿಬಿಟ್ಟೆ."

ಕಾಲು ಹಿಡಿದುಕೊಂಡೆ. ಹಗಲಲ್ಲೇ ಉಣ್ಣಿ, ನಾನೇ ಎಲ್ಲರಿಗೂ ಹೇಳುತ್ತೇನೆ ಎಂದೆ. ನನ್ನ ತಲೆ ಸವರಿ ಎದ್ದು ಹೋದರು.

ಬೆಳಿಗ್ಗೆ ತುಂಬಿದ ಪಡಸಾಲೆಯಲ್ಲಿ ನಿಂತು ಚೀಟಿ ಹಿಡಿದು ಓದಿದೆ. ಇಂಗ್ಲಿಷಿನಲ್ಲಿ ಓದಿ, ಕನ್ನಡದಲ್ಲಿ ಅರ್ಥ ಹೇಳಿದೆ. ದಪ್ಪ ಇಳಿಸಲು ಡಾಕ್ಟರು ಹೇಳಿದ ಪಥ್ಯ ಇದು, ಇವರಿಗೆ ಬದುಕುವ ಆಸೆಯಿದೆ, ಮೊನ್ನೆಯವರೆಗೂ ಅನ್ನ ತುಪ್ಪ ಉಂಡಿದ್ದಾರೆ, ನಾನೇ ತಿನ್ನಿಸಿದ್ದೇನೆ ಎಂದು ಕೂಗಿಯೇ ಹೇಳಿದೆ. ಒಬ್ಬರೂ ನಂಬಲಿಲ್ಲ. ಅತ್ತಿಗೆ ನನ್ನ ಕೈ ಹಿಡಿದು ಅಡುಗೆಮನೆಗೆ ಎಳೆದುಕೊಂಡು ಬಂದರು. ಪ್ರೀತಿಯಿಂದಲೇ ಹೇಳಿದರು: "ನಿಂಗೆ ಅವರ ಮೇಲೆ ಮೋಹ ಕಣೇ, ನಂಗೊತ್ತು. ಆದ್ರೂ ಹೊರಟೋರನ್ನ ಹಿಂದಕ್ಕೆ ಎಳೀಬಾರ್ದು." ಅತ್ತೆಯನ್ನು ಕೇಳಿ ಎಂದೆ. ಕೇಳಿದರು. ಅತ್ತೆ ಕಣ್ಣು ಮುಚ್ಚಿಕೊಂಡು ಕೂತಿದ್ದರು, ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಆವತ್ತಿನಿಂದ ಮಜ್ಜಿಗೆ, ನೀರನ್ನೂ ಮುಟ್ಟಲಿಲ್ಲ. ಅರ್ಚಕರು ಬಂದು ಬೇಡಿಕೊಂಡರು. ಯಜಮಾನರು ಊರಿನ ಡಾಕ್ಟರನ್ನು ಕರೆತಂದರು; ಗ್ಲೂಕೋಸು ಕಲಸಿ ಚಮಚದಲ್ಲಿ ಹಿಡಿದರೆ ಅದು ತುಟಿಯಿಂದ ಕುತ್ತಿಗೆಗೆ ಇಳಿಯಿತು. ಅಷ್ಟು ಗಟ್ಟಿಯಾದ ಯಜಮಾನರು ಗೋಡೆಗೆ ತಲೆಯಿಟ್ಟು, ಏನು ಮಾಡಲಿ, ಹೇಳೇ ಎಂದು ನನ್ನನ್ನು ಕೇಳಿದರು. ನನಗೇನು ಗೊತ್ತಿತ್ತು? ಹೇಳಬೇಕಾದ ದಿನ ಹೇಳದೆ ಕೂತವಳು ನಾನು.

ಹಬ್ಬಕ್ಕೆ ಎರಡು ದಿನ ಇದ್ದಾಗ ಹೋದರು. ಹಾಸನದ ಹಿರಿಯರು, ಹೊಳೆನರಸೀಪುರದವರು, ಅರಕಲಗೂಡಿನವರು, ಎಲ್ಲರೂ ಬಂದರು. ಕಾರ್ಯವೆಲ್ಲ ಮುಗಿದ ಮೇಲೆ, ಇಂಥವರ ಸೇವೆ ಮಾಡಿದವಳೆಂದು ಒಬ್ಬೊಬ್ಬರಾಗಿ ನನ್ನ ಕಾಲು ಮುಟ್ಟತೊಡಗಿದರು. ನನಗಿಂತ ಹಿರಿಯರಾದ ಅತ್ತಿಗೆಯೂ ಬಗ್ಗಿದರು. ಬೇಡಿ, ನಾನು ಅಂಥವಳಲ್ಲ, ತಪ್ಪು ನನ್ನದು ಎಂದೆ. ಎಷ್ಟು ವಿನಯ ನೋಡಿ ಎಂದು ಅವರವರೇ ಮಾತಾಡಿಕೊಂಡರು.