ಬೆಚ್ಚಗಿದ್ದ ಇಂಜಿನ್ನು

ಕಾರು ತೊಳೆಯುವ ಶೆಡ್ಡಿನ ಕೆಂಡಣ್ಣನಿಗೆ ಹೆತ್ತವರಿಟ್ಟ ಹೆಸರು ಯಾರಿಗೂ ನೆನಪಿಲ್ಲ. ಕೋಪವನ್ನು ಮೂಗಿನ ತುದಿಯಲ್ಲೇ ಇಟ್ಟುಕೊಂಡು ಓಡಾಡುವವನಿಗೆ ಆ ಅಡ್ಡಹೆಸರೇ ಗಟ್ಟಿಯಾಯಿತು. ಹುಟ್ಟಿದಾಗಿನಿಂದ ಹಳೇ ಸಾಮಾನು ಕೊಂಡು, ಅದರಲ್ಲಿ ನಾಲ್ಕಾರು ಸಲ ಟೋಪಿ ಹಾಕಿಸಿಕೊಂಡವನು. ಹೀಗಾಗಿ ಮಾರುವವರೆಲ್ಲ ಅವನ ಕಣ್ಣಿಗೆ ಕಳ್ಳರೇ.

ಅವನ ನೀರು ಚಿಮ್ಮಿಸುವ ಮಿಷನ್ನು ಕೈಕೊಟ್ಟಿತ್ತು. ನಾಳೆಯೊಳಗೆ ಬೇರೆ ತರದಿದ್ದರೆ ಎದುರಿನ ಶೆಡ್ಡಿಗೆ ಹೋಗುತ್ತೇವೆ, ಮತ್ತೆ ಇತ್ತ ತಲೆ ಹಾಕುವುದಿಲ್ಲ ಎಂದು ಟ್ಯಾಕ್ಸಿಯವರು ಮುಖಕ್ಕೆ ಹೊಡೆದಂತೆ ಹೇಳಿ ಹೋಗಿದ್ದರು. ಕೈಗೆಟಕುವ ಬೆಲೆಯ ಹಳೇ ಮಿಷನ್ನು ಮಾರಾಟಕ್ಕೆ ಇದ್ದದ್ದು ಒಬ್ಬನ ಬಳಿ ಮಾತ್ರ, ಹೆಂಡತಿಯ ತಮ್ಮನ ಬಳಿ. ಅವನಿಗೂ ಇವನಿಗೂ ಎಣ್ಣೆ ಸೀಗೆಕಾಯಿ. ಬೇರೆ ದಾರಿಯಿಲ್ಲದೆ ಹೆಂಡತಿಯನ್ನು ಗಾಡಿಯಲ್ಲಿ ಕರೆದುಕೊಂಡು ಹೋದ.

ಭಾಮೈದನ ಅಂಗಳದಲ್ಲಿ ಕೆಂಡಣ್ಣ ಪೈಪನ್ನು ಮೊಳ ಮೊಳ ಬಗ್ಗಿಸಿ ಬಿರುಕು ಹುಡುಕಿದ. ಸಿಗಲಿಲ್ಲ. ಪಂಪಿನ ಮುಚ್ಚಳ ತಿರುಗಿಸಿ ಎಣ್ಣೆಗೆ ಬೆರಳದ್ದಿದ. ಒಳಗೆ ನೀರು ನುಗ್ಗಿದ್ದರೆ ಎಣ್ಣೆ ಹಾಲಿನಂತೆ ಬೆಳ್ಳಗಾಗಿರುತ್ತದೆ. ಇದು ಜೇನಿನಂತೆ ತಿಳಿಯಾಗಿತ್ತು. ಅದಕ್ಕೂ ಅವನಿಗೆ ಸಿಟ್ಟು ಬಂತು. ಕೊನೆಗೆ ಇಂಜಿನ್ನಿನ ಮೇಲೆ ಅಂಗೈಯಿಟ್ಟ. ಬೆಚ್ಚಗಿತ್ತು.

"ಇದ್ಯಾಕೋ ಬಿಸಿ ಇದೆ?"

"ಬೆಳಿಗ್ಗೆ ಹೊಸ ಸೀಲು ಹಾಕ್ದೆ ಭಾವ. ಸೋರುತ್ತಾ ಅಂತ ಓಡಿಸಿ ನೋಡ್ದೆ."

"ಯಾರ ಕಿವಿಗೆ ಹೂವು ಇಡ್ತೀಯ? ತಣ್ಣಗಿದ್ದಾಗ ಹಗ್ಗ ಎಳೆದೂ ಎಳೆದೂ ತೋಳು ಕಿತ್ತು ಬಂದ್ರೂ ಇದು ಸ್ಟಾರ್ಟ್ ಆಗಲ್ಲ. ಅದಕ್ಕೇ ಬಿಸಿ ಮಾಡಿಟ್ಟಿದ್ದೀಯ. ಈ ಮೋಸ ನಂಗೆ ಗೊತ್ತಿಲ್ವಾ?"

"ಈಗೇನು, ಬೀಸಣಿಗೆ ತಂದು ಗಾಳಿ ಹಾಕ್ಲಾ?"

"ಬೇಡ. ತಾನಾಗೇ ತಣ್ಣಗಾಗ್ಲಿ. ಕೂರ್ತೀನಿ."

ಬಕೆಟ್ಟೊಂದನ್ನು ಬೋರಲು ಹಾಕಿ ಮಿಷನ್ನಿನ ಪಕ್ಕವೇ ಕೂತ, ಕಳ್ಳನನ್ನು ಹಿಡಿದಿಟ್ಟುಕೊಂಡು ಪೊಲೀಸರಿಗೆ ಕಾಯುವವನಂತೆ.

"ನನ್ನ ತಮ್ಮ ಕಳ್ಳ ಅಂತೀರಾ?" ಹೆಂಡತಿ ಹಲ್ಲು ಕಡಿದಳು.

"ಮಿಷನ್ನನ್ನ ನಂಬಲ್ಲ ಅಂದೆ."

"ಮಿಷನ್ನು ಮೋಸ ಮಾಡುತ್ತಾ? ಯಾರಿಗೆ ಹೇಳ್ತೀರಿ!"

ಭಾಮೈದ ಟೀ ತಂದು ಠಣ್ಣನೆ ಇಟ್ಟ. "ತಗೊಳ್ಳಿ ಭಾವ. ಇದೂ ಬಿಸಿ ಇದೆ. ತಣ್ಣಗಾದ ಮೇಲೆ ಪರೀಕ್ಷೆ ಮಾಡಿ ಕುಡೀರಿ."

ಕೆಂಡಣ್ಣ ಲೋಟವನ್ನು ಕಾಲಲ್ಲಿ ಅತ್ತ ತಳ್ಳಿದ. ನೆರಳು ಗೋಡೆ ದಾಟಿ ಅಂಗಳಕ್ಕೆ ಬಂತು. ಇವನು ಆಗಾಗ ಇಂಜಿನ್ನು ಮುಟ್ಟುವುದು, ಬಾಗಿಲಲ್ಲಿ ನಿಂತ ಅವನು ದುರುಗುಟ್ಟಿ ನೋಡುವುದು, ಅಷ್ಟೇ. ಇಂಜಿನ್ನು ಕಲ್ಲಿನಂತೆ ತಣ್ಣಗಾದ ಮೇಲೆ ಕೆಂಡಣ್ಣ ಎದ್ದು, ಕಾಲೂರಿ, ಹಗ್ಗ ಜಗ್ಗಿದ.

ಒಂದೇ ಎಳೆತಕ್ಕೆ ಇಂಜಿನ್ನು ಗುಡುಗಿತು. ಪೈಪಿನ ತುದಿಯ ಗನ್ನು ಒತ್ತಿದರೆ ಗೋಡೆಗೆ ಅಂಟಿದ್ದ ಒಣ ಕೆಸರು ಚಕ್ಕೆ ಚಕ್ಕೆಯಾಗಿ ಹಾರಿತು. ಬಿಟ್ಟು ಬಿಟ್ಟು ಒತ್ತಿದ. ನೀರಿನ ರಭಸ ಒಂದಿಷ್ಟೂ ಇಳಿಯಲಿಲ್ಲ.

"ಪರವಾಗಿಲ್ಲ," ಅಂದ ಕೆಂಡಣ್ಣ, ಬೇರೆಲ್ಲೋ ನೋಡುತ್ತ. "ಗಾಡಿಗೆ ಹಾಕು."

ಭಾಮೈದ ಇಂಜಿನ್ನು ಆರಿಸಿ ಪೈಪು ಸುತ್ತತೊಡಗಿದ. "ಕೊಡಲ್ಲ."

"ಏನಂದೆ?"

"ನಿಮಗೆ ಕೊಡಲ್ಲ ಅಂದೆ."

"ದುಡ್ಡು ಕೊಡೋನು ಪರೀಕ್ಷೆ ಮಾಡಬಾರದಾ?"

"ಪರೀಕ್ಷೆ ಮಾಡಿ, ಯಾರು ಬೇಡ ಅಂದ್ರು? ನೀವು ಹಗ್ಗ ಎಳೆಯೋಕೆ ಮೊದಲೇ ನನಗೆ ಕಳ್ಳನ ಪಟ್ಟ ಕಟ್ಟಿದ್ರಿ. ತಪ್ಪಾಯ್ತು ಅನ್ನಿ, ಈಗ್ಲೇ ಕೊಡ್ತೀನಿ."

ಕೆಂಡಣ್ಣನ ದವಡೆ ಬಿಗಿಯಿತು. ನಾಳೆ ಬರುವ ಟ್ಯಾಕ್ಸಿಗಳ ಸಾಲು ಕಣ್ಣ ಮುಂದೆ ಬಂತು. ಆದರೂ ತಪ್ಪಾಯ್ತು ಅನ್ನುವ ಬದಲು ಬಕೆಟ್ಟನ್ನು ಒದ್ದ. ಹೆಂಡತಿ ಗಂಡನ ಮುಖವನ್ನೇ ನೋಡುತ್ತ ಸ್ವಲ್ಪ ಹೊತ್ತು ಕಾದಳು. ಆಮೇಲೆ ತಮ್ಮನ ಕಡೆ ತಿರುಗಿದಳು.

"ನನಗೆ ಕೊಡ್ತೀಯೇನೋ?"

"ನಿನಗಾದ್ರೆ ಧಾರಾಳವಾಗಿ ತಗೊಂಡು ಹೋಗಕ್ಕ. ಈ ಮನುಷ್ಯ ಮಾತ್ರ ಮುಟ್ಟಬಾರದು."

"ಮುಟ್ಟಲ್ಲ. ನಾಳೆಯಿಂದ ಗನ್ನು ನಾನು ಹಿಡೀತೀನಿ. ಇವರು ಬಟ್ಟೆ ತಗೊಂಡು ಒರೆಸ್ಲಿ."

"ನನ್ನ ಶೆಡ್ಡಲ್ಲಿ ನಾನು ಒರೆಸೋದಾ?" ಕೆಂಡಣ್ಣ ಅರಚಿದ.

"ಬೇಡ ಅಂದ್ರೆ ಎದುರಿನ ಶೆಡ್ಡಲ್ಲಿ ಹೋಗಿ ಒರೆಸಿ," ಎಂದಳು ಅವಳು ತಿರುಗಿಯೂ ನೋಡದೆ.

ಅಕ್ಕ ತಮ್ಮ ಇಬ್ಬರೂ ಮಿಷನ್ನಿನ ಎರಡೂ ಕಡೆ ಹಿಡಿದು ಎತ್ತಿದರು. ಕೆಂಡಣ್ಣ ಉರಿಗಣ್ಣು ಬಿಡುತ್ತ ಹೋಗಿ ಗಾಡಿಯ ಹಿಂಬಾಗಿಲು ತೆಗೆದು ಹಿಡಿದುಕೊಂಡ.